ಮುಂಬೈಯಲ್ಲಿ ಸಿಸ್ಟೋಸ್ಕೋಪಿ: ಎಲ್ಲಿ ಹೋಗಬೇಕು, ಏನು ಕೇಳಬೇಕು

ಕಿಡ್ನಿ ಸ್ಟೋನ್ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದೀರಾ? ಹಾಗಾದರೆ ಮೊದಲು ಡಿಸ್ಚಾರ್ಜ್ ಕಾಗದ ತೆಗೆದು ಓದಿ. ಅದರಲ್ಲಿ ‘ಡಿಜೆ ಸ್ಟೆಂಟ್’ ಅಂತ ಇದ್ದರೆ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳ್ಳಗಿನ ಪ್ಲಾಸ್ಟಿಕ್ ನಳಿಗೆ ಒಳಗೇ ಇದೆ. ಜಾರಬಾರದು ಅಂತ ಅದರ ಎರಡೂ ತುದಿ ಸುರುಳಿಯಾಗಿರುತ್ತವೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಸಬೇಕು. ಹೆಚ್ಚಾಗಿ ತೆಗೆಯುವುದು ಮೂತ್ರದ್ವಾರದ ಮೂಲಕ ಸಿಸ್ಟೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿಯೇ. ಇದಕ್ಕೇ ಸಿಸ್ಟೋಸ್ಕೋಪಿ ಅನ್ನುವುದು.

ಮುಂಬೈಯಲ್ಲಿರುವ ನಮ್ಮ ಕನ್ನಡಿಗರು ಇದನ್ನು ಮರೆಯುವುದು ಸುಲಭ. ಹೋಟೆಲ್ ಅಡುಗೆಮನೆಯಲ್ಲಿ ದಿನವಿಡೀ ಬೆಂಕಿ, ಬೆವರು, ನೀರು ಕುಡಿಯಲೂ ಪುರುಸೊತ್ತಿಲ್ಲ. ಕಲ್ಲು ಆಗುವುದಕ್ಕೆ ಇನ್ನೇನು ಬೇಕು? ಆಪರೇಷನ್ ಆದಮೇಲೆ ನೋವು ಹೋಗುತ್ತದೆ, ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಡುತ್ತಾರೆ. ಅಲ್ಲಿ ಕೋಲ, ಮದುವೆ, ಗದ್ದೆ ಕೆಲಸ ಅಂತ ತಿಂಗಳುಗಳು ಉರುಳುತ್ತವೆ. ಅಷ್ಟರಲ್ಲಿ ಸ್ಟೆಂಟಿನ ಮೇಲೆ ಲವಣ ಕಟ್ಟಿ ಅದೇ ಕಲ್ಲಾಗಿರುತ್ತದೆ. ಕೆಲವೇ ನಿಮಿಷದಲ್ಲಿ ಮುಗಿಯಬೇಕಾದದ್ದಕ್ಕೆ ಮತ್ತೆ ದೊಡ್ಡ ಆಪರೇಷನ್, ಕೆಲವರಿಗೆ ಕಿಡ್ನಿಗೇ ಹಾನಿ. ತೆಗೆಯುವ ತಾರೀಕನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಅದಕ್ಕಾಗಿ ಮುಂಬೈಗೇ ವಾಪಸ್ ಬರಬೇಕಂತಿಲ್ಲ. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯೂರಾಲಜಿಸ್ಟ್ (ಮೂತ್ರರೋಗ ತಜ್ಞರು) ತೆಗೆದುಕೊಡುತ್ತಾರೆ. ಡಿಸ್ಚಾರ್ಜ್ ಕಾಗದ ಮತ್ತು ಎಕ್ಸ್‌ರೇ ಜೊತೆಗಿರಲಿ.

ಸಿಸ್ಟೋಸ್ಕೋಪ್ ಅಂದರೆ ದೀಪ, ಕ್ಯಾಮೆರಾ ಇರುವ ಸಣ್ಣ ಕೊಳವೆ. ಬಾಗುವ ಬಗೆಯದು ಸುಮಾರು 5 ಮಿಲಿಮೀಟರ್ ದಪ್ಪ. ಬಾಗದ, ಲೋಹದ ಬಗೆಯೂ ಇದೆ. ಕಲ್ಲು ಒಡೆಯುವುದಕ್ಕೆ, ಗಡ್ಡೆ ಕೆರೆದು ತೆಗೆಯುವುದಕ್ಕೆ ಹೆಚ್ಚಾಗಿ ಲೋಹದ್ದೇ, ಅರಿವಳಿಕೆ ಕೊಟ್ಟು. 1877ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಜೆ ತೋರಿಸಿದ ಉಪಕರಣದಲ್ಲಿ ದೀಪ ಅಂದರೆ ಕಾದು ಕೆಂಪಾದ ಪ್ಲಾಟಿನಂ ತಂತಿ. ಸುಡದಿರಲಿ ಅಂತ ಸುತ್ತಲೂ ತಣ್ಣೀರು ಹರಿಸುತ್ತಿದ್ದರು! ನಮ್ಮ ಕಾಲ ಎಷ್ಟೋ ವಾಸಿ, ಅಲ್ವಾ?

ಈಗ ಮೂತ್ರದ್ವಾರಕ್ಕೆ ಮರಗಟ್ಟಿಸುವ ಜೆಲ್ ಹಾಕಿ ಕೆಲವು ನಿಮಿಷ ಬಿಡುತ್ತಾರೆ. ಈ ಕಾಯುವುದರಲ್ಲಿ ಅವಸರ ಮಾಡಿದರೆ ನೋವು ಜಾಸ್ತಿ, ಹಾಗಾಗಿ ‘ಇನ್ನೂ ಸ್ವಲ್ಪ ಕಾಯಿರಿ’ ಅಂತ ಸಂಕೋಚ ಬಿಟ್ಟು ಹೇಳಿ. ಕೊಳವೆ ಒಳಹೋಗುವಾಗ ಗಂಡಸರಿಗೆ ಪ್ರೋಸ್ಟೇಟ್ ಹತ್ತಿರ ಚುರುಕ್ ಅನ್ನುತ್ತದೆ. ಬಾಯಲ್ಲಿ ನಿಧಾನ ಉಸಿರಾಡಿ. ಮೂತ್ರಕೋಶಕ್ಕೆ ಸಲೈನ್ (ಉಪ್ಪುನೀರು) ತುಂಬುತ್ತಾ ಹೋದಂತೆ ಉಚ್ಚೆ ಒತ್ತರಿಸಿ ಬರುತ್ತದೆ. ಅದು ಸಹಜ. ಪರದೆ ಕಡೆ ನೋಡಿದರೆ ಗುಲಾಬಿ ಗೋಡೆ, ಅದರ ಮೇಲೆ ಸಣ್ಣ ರಕ್ತನಾಳಗಳು, ನಡುವೆ ಸ್ಟೆಂಟಿನ ಸುರುಳಿ. ಪುಟ್ಟ ಇಕ್ಕಳದಿಂದ ಅದನ್ನು ಹಿಡಿದು ಸರಕ್ಕನೆ ಎಳೆದರೆ ಮುಗಿಯಿತು.

ನೋವೇ ಇಲ್ಲದೆ ಉಚ್ಚೆಯಲ್ಲಿ ರಕ್ತ ಕಂಡರೆ ಮಾತ್ರ ‘ಉಷ್ಣ ಆಗಿದೆ’ ಅಂತ ಸುಮ್ನೆ ಕೂರಬೇಡಿ. ಅದರಲ್ಲೂ ಸಿಗರೇಟು, ಬೀಡಿ ಸೇದುವವರು. ಸೋನೋಗ್ರಫಿ ನಾರ್ಮಲ್ ಬಂದರೂ ಮೂತ್ರಕೋಶದ ಸಣ್ಣ ಗಡ್ಡೆ ತಪ್ಪಿಹೋಗಬಹುದು. ಸಿಸ್ಟೋಸ್ಕೋಪ್ ಅದನ್ನು ಕಣ್ಣಾರೆ ನೋಡುತ್ತದೆ.

ಎಲ್ಲಿ ಹೋಗಬೇಕು? ಮುನಿಸಿಪಾಲಿಟಿಯ ಕೆಇಎಂ, ಸಯನ್, ನಾಯರ್ ಇವೆ. ರಾಜ್ಯ ಸರ್ಕಾರದ ಜೆಜೆ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಿ, ಯೂರಾಲಜಿ ಒಪಿಡಿ (ಹೊರರೋಗಿ ವಿಭಾಗ) ಯಾವ ದಿನ ಅಂತ ಮೊದಲೇ ಕೇಳಿ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಕ್ಯಾನ್ಸರ್ ಅಂತ ಗೊತ್ತಾದರೆ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ. ಕೌಂಟರಿನಲ್ಲಿ ಮರಾಠಿಯಲ್ಲಿ ‘ದುರ್ಬಿಣ್’ ಅಂದರೆ ಸ್ಕೋಪ್, ‘ಲಘವಿ’ ಅಂದರೆ ಮೂತ್ರ.

ಮಹಾರಾಷ್ಟ್ರ ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ಇಲ್ಲಿನ ವಾಸದ ದಾಖಲೆ ಬೇಕು. ಊರಿನ ಬಿಪಿಎಲ್ ಕಾರ್ಡ್ ಇದಕ್ಕೆ ನಡೆಯುವುದಿಲ್ಲ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯಾ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರನ್ನು) ವಿಚಾರಿಸಿ. ದೊಡ್ಡ ಟ್ರಸ್ಟ್ ಆಸ್ಪತ್ರೆಗಳೆಂದರೆ ಹೆದರಿಕೆ ಬೇಡ. ಬಾಂಬೆ ಹೈಕೋರ್ಟ್ ಒಪ್ಪಿದ ವ್ಯವಸ್ಥೆಯ ಪ್ರಕಾರ ಅವು 10% ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೊಂದು 10% ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ತಹಸೀಲ್ದಾರರ ಆದಾಯ ಪ್ರಮಾಣಪತ್ರ ಹಿಡಿದು ಅಲ್ಲಿನ ಸೋಷಿಯಲ್ ವರ್ಕರ್ ಬಳಿ ಹೋಗಿ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಮೊದಲು ಇಎಸ್‌ಐ ಡಿಸ್ಪೆನ್ಸರಿಯ ರೆಫರೆನ್ಸ್ ಬೇಕು. ಖಾಸಗಿ ವಿಮೆ ಇದ್ದವರಿಗೆ ಒಂದು ಮಾತು: ಬರೀ ಪರೀಕ್ಷೆಗಾಗಿ ಮಾಡುವ ಸಿಸ್ಟೋಸ್ಕೋಪಿಗೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಮೊದಲೇ ಬರವಣಿಗೆಯಲ್ಲಿ ಕೇಳಿ.

ಹೋಗುವ ಮುಂಚೆ ಮೂತ್ರದ ಕಲ್ಚರ್ (ಸೋಂಕು ಪರೀಕ್ಷೆ) ಮಾಡಿಸಲು ಹೇಳಬಹುದು. ಸೋಂಕಿದ್ದರೆ ಮೊದಲು ಅದಕ್ಕೆ ಔಷಧಿ. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಆಮೇಲೆ ಒಂದೆರಡು ದಿನ ಉರಿ, ಸ್ವಲ್ಪ ಕೆಂಪು ಇದ್ದದ್ದೇ. ನೀರು ಚೆನ್ನಾಗಿ ಕುಡಿಯಿರಿ. ಚಳಿಜ್ವರ ಬಂದರೆ, ಉಚ್ಚೆ ಕಟ್ಟಿದರೆ, ರಕ್ತ ಹೆಪ್ಪುಗಟ್ಟಿ ಬಂದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಕ್ಯಾಶುಯಲ್ಟಿಗೆ ಹೋಗಿ.