1/48 ಅಳತೆಯ ಎಂಐ-35: ಕೋನ, ತೂಕ ಮತ್ತು ಬ್ಲೇಡಿನ ಬಾಗು

ಭಾರತೀಯ ವಾಯುಪಡೆಯ ಎಂಐ-35 ದಾಳಿ ಹೆಲಿಕಾಪ್ಟರಿನ ಪ್ಲಾಸ್ಟಿಕ್ ಮಾದರಿ ಮಾಡಲು ಹೊರಟವರು ಮೊದಲು ಎಡವುವುದು ಡಬ್ಬ ಕೊಳ್ಳುವಾಗಲೇ. ಮೇಲೆ ‘ಎಂಐ-35ಎಂ’ ಎಂದು ಬರೆದಿರುವ ಕಿಟ್ ನಮಗೆ ಬೇಕಾದದ್ದಲ್ಲ. ಅದು ತೀರಾ ಈಚಿನ ಮಾದರಿ: ರೆಕ್ಕೆ ಮೊಟಕು, ಚಕ್ರಗಳು ಒಳಸೇರುವುದಿಲ್ಲ, ಬಾಲದ ರೋಟರ್ ಇಂಗ್ಲಿಷ್ ಎಕ್ಸ್ ಅಕ್ಷರದಂತಿರುತ್ತದೆ. ನಮ್ಮ ವಾಯುಪಡೆ 1990ರಲ್ಲಿ ತರಿಸಿಕೊಂಡ ಎಂಐ-35 ಎಂದರೆ ಎಂಐ-24ವಿ ಮಾದರಿಯ ರಫ್ತು ರೂಪ. ಹಾಗಾಗಿ ಜ್ವೆಜ್ದಾ ಕಂಪನಿಯ 1/48 ಅಳತೆಯ ಎಂಐ-24ವಿ/ವಿಪಿ ಕಿಟ್ ಸರಿಯಾಗುತ್ತದೆ. ಅದರಲ್ಲಿ ‘ವಿ’ ಆಯ್ಕೆಯ ನಾಲ್ಕು ನಳಿಗೆಯ 12.7 ಮಿ.ಮೀ. ಬಂದೂಕು ಬಳಸಬೇಕು, ‘ವಿಪಿ’ಯ ಜೋಡಿ ನಳಿಗೆಯ 23 ಮಿ.ಮೀ. ತೋಪು ಬೇಡ. 1984ರಿಂದ ಬಂದ ಎಂಐ-25 ಬೇಕೆನ್ನುವವರಿಗೆ ಕೆಲಸ ಹೆಚ್ಚು. ಅದು ಎಂಐ-24ಡಿ. ರೆಕ್ಕೆ ತುದಿಯಲ್ಲಿ ಶ್ಟುರ್ಮ್ ಕ್ಷಿಪಣಿಯ ಕೊಳವೆಗಳ ಬದಲು ಫಲಂಗ ಕ್ಷಿಪಣಿಯ ಹಳಿಗಳಿರಬೇಕು, ಗದ್ದದ ಕೆಳಗಿನ ಮಾರ್ಗದರ್ಶಿ ಡಬ್ಬಿಯ ಆಕಾರವೂ ಬೇರೆ.

ಹೆಲಿಕಾಪ್ಟರ್ ಮಾದರಿ ನಿಜದಂತೆ ಕಾಣುವುದು ರಿವೆಟ್ ಸಾಲುಗಳಿಂದಲ್ಲ, ಅದು ನಿಲ್ಲುವ ಭಂಗಿಯಿಂದ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅಂಟು ಮುಟ್ಟುವ ಮೊದಲು ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಿಜವಾದ ಯಂತ್ರದ ಮುಖ್ಯ ರೋಟರ್ ವ್ಯಾಸ 17.3 ಮೀಟರ್. 48ರಿಂದ ಭಾಗಿಸಿದರೆ 360.4 ಮಿ.ಮೀ. ಅದೇ 1/72ರಲ್ಲಿ ಮಾಡುವವರಿಗೆ 240.3 ಮಿ.ಮೀ. ಗಾಜಿನ ಕಪಾಟಿನ ಅಗಲವನ್ನೂ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೆರಡು ಕೋನಗಳಿವೆ. ಎಂಐ-24ರ ರೋಟರ್ ಕಂಬ ನೆಟ್ಟಗಿಲ್ಲ. ಮುಂದಕ್ಕೆ 4.5 ಡಿಗ್ರಿ, ಹೆಲಿಕಾಪ್ಟರಿನ ಬಲಕ್ಕೆ 2.5 ಡಿಗ್ರಿ ವಾಲಿದೆ. ಬಾಲದ ರೋಟರ್ ಇಡೀ ಯಂತ್ರವನ್ನು ಎಡಕ್ಕೆ ತಳ್ಳುವುದರಿಂದ ಅದನ್ನು ಸರಿದೂಗಿಸಲು ಈ ಬಲವಾಲು. ಒಡಲಿನ ಎರಡು ಹೋಳುಗಳನ್ನು ಟೇಪ್ ಸುತ್ತಿ ಜೋಡಿಸಿ, ಕಂಬದ ತೂತಿಗೆ 100 ಮಿ.ಮೀ. ಉದ್ದದ ನೇರ ಕಡ್ಡಿ ಸಿಕ್ಕಿಸಿ ಎದುರಿನಿಂದ ನೋಡಿ. ಕಡ್ಡಿಯ ತುದಿ ನೆಟ್ಟಗಿನ ಗೆರೆಯಿಂದ ಸುಮಾರು 4.4 ಮಿ.ಮೀ. ಬಲಕ್ಕಿರಬೇಕು. ನಮಗೆದುರಾಗಿ ನಿಂತ ಹೆಲಿಕಾಪ್ಟರಿನ ಬಲ ನಮಗೆ ಎಡ, ಮರೆಯಬೇಡಿ. ಈ ವಾಲು ನೋಡಿ ‘ಕಿಟ್ ಸೊಟ್ಟಗಿದೆ’ ಎಂದು ಉಜ್ಜಿ ನೇರ ಮಾಡಿಬಿಡುವವರೂ ಇದ್ದಾರೆ! ಎರಡನೆಯದು ರೆಕ್ಕೆಯ ಇಳಿಜಾರು, 12 ಡಿಗ್ರಿ ಕೆಳಮುಖ. ದಪ್ಪ ರಟ್ಟಿನಲ್ಲಿ 100 ಮಿ.ಮೀ. ತಳ, 21.3 ಮಿ.ಮೀ. ಎತ್ತರದ ಲಂಬ ತ್ರಿಕೋನ ಕತ್ತರಿಸಿದರೆ ಅದರ ಓರೆ ಸರಿಯಾಗಿ 12 ಡಿಗ್ರಿ. ಅಂಟು ಒಣಗುವವರೆಗೆ ಎರಡೂ ಬದಿಗೆ ಒಂದೇ ತ್ರಿಕೋನವನ್ನು ತಿರುಗಿಸಿ ಹಿಡಿದು ನೋಡುತ್ತಿರಬೇಕು. ಎರಡು ರೆಕ್ಕೆಗಳ ನಡುವೆ ಅರ್ಧ ಡಿಗ್ರಿ ವ್ಯತ್ಯಾಸವಾದರೂ ಕೆಳಗೆ ತೂಗುವ ರಾಕೆಟ್ ಡಬ್ಬಿಗಳು ಅದನ್ನು ಎತ್ತಿ ತೋರಿಸುತ್ತವೆ.

ಒಡಲು ಮುಚ್ಚುವ ಮುನ್ನ, ಮಾದರಿ ಬಾಲದ ಮೇಲೆ ಕುಳಿತುಬಿಡದಂತೆ ಮೂತಿಗೆ ತೂಕ. ಇಷ್ಟೇ ಗ್ರಾಂ ಹಾಕಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲು ತೆರೆದಿಡುತ್ತೀರಾ, ಎಂಜಿನ್ ಹಾಕುತ್ತೀರಾ ಎಂಬುದರ ಮೇಲೆ ಅದು ಬದಲಾಗುತ್ತದೆ. ರೋಟರ್, ರೆಕ್ಕೆ, ಬಾಲ ಎಲ್ಲವನ್ನೂ ಟೇಪ್‌ನಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ಒಡಲನ್ನು ಪೆನ್ಸಿಲ್ ಮೇಲೆ ಅಡ್ಡಡ್ಡ ಇಟ್ಟು ಸಮತೂಕದ ಜಾಗ ಹುಡುಕಿ. ಅದು ಹಿಂದಿನ ಚಕ್ರದ ಅಚ್ಚಿನಿಂದ ಕನಿಷ್ಠ 10 ಮಿ.ಮೀ. ಮುಂದೆ ಬರಬೇಕು. ಬರದಿದ್ದರೆ ಮುಂದಿನ ಕಾಕ್‌ಪಿಟ್ ನೆಲದಡಿ ಗಾಳದ ಸೀಸದ ಗುಂಡುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಸೀಸವನ್ನು ಫೆವಿಕಾಲ್‌ನಲ್ಲಿ ಕೂರಿಸಬೇಡಿ. ಆ ಬಗೆಯ ಅಂಟಿನೊಳಗೆ ಸೀಸ ನಿಧಾನವಾಗಿ ಬೆಳ್ಳಗೆ ತುಕ್ಕು ಹಿಡಿದು ಉಬ್ಬುತ್ತದೆ, ವರ್ಷಗಳ ನಂತರ ಒಡಲಿನ ಜೋಡಣೆಯನ್ನೇ ಸೀಳಬಹುದು. ಅರಾಲ್ಡೈಟ್ ಬಳಸಿ.

ಕಾಕ್‌ಪಿಟ್ ಒಳಬಣ್ಣ ಸೋವಿಯತ್ ಯಂತ್ರಗಳ ಆ ಗುರುತಿನ ಹಸಿರುನೀಲಿ. ಬಾಟಲಿಯಲ್ಲಿರುವ ಬಣ್ಣ ಗಾಜಿನ ಹಿಂದೆ ಗಾಢವಾಗಿ ಕಾಣುವುದರಿಂದ ಹತ್ತು ಹನಿಗೆ ಒಂದು ಹನಿ ಬಿಳಿ ಬೆರೆಸುತ್ತೇನೆ. ಎಂಜಿನ್ ಕವಚ ಮುಚ್ಚಿಡುವುದಾದರೆ ಒಳಗಿನ ಎರಡು ಎಂಜಿನ್‌ಗಳಿಗೆ ಬಣ್ಣ ಬಳಿಯುತ್ತಾ ಕೂರುವುದು ನನಗೆ ವ್ಯರ್ಥ ಶ್ರಮವೆನಿಸುತ್ತದೆ.

ಗಾಜಿನ ಕೆಲಸದಲ್ಲಿ ಮಾತ್ರ ಆತುರ ಕೂಡದು. ಪಾರದರ್ಶಕ ಭಾಗಗಳನ್ನು ಸ್ಪ್ರೂನಿಂದ, ಅಂದರೆ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಗಳಿಂದ, ಬಿಡಿಸುವಾಗ ಒಂದೇ ಸಲಕ್ಕೆ ಬುಡಕ್ಕೆ ಕತ್ತರಿಸಿದರೆ ಒಳಗೆ ಬೆಳ್ಳನೆಯ ಬಿರುಕು ಹರಿಯುತ್ತದೆ. 3 ಮಿ.ಮೀ. ದೂರದಲ್ಲಿ ನಿಪ್ಪರ್ ಹಾಕಿ, ಉಳಿದದ್ದನ್ನು 600ರ ಎಮರಿ ಪೇಪರಿನಲ್ಲಿ ಉಜ್ಜಿ. ಗಾಜನ್ನು ಕೂರಿಸಲು ಫೆವಿಕ್ವಿಕ್ ಹತ್ತಿರವೂ ತರಬೇಡಿ. ಅದರ ಆವಿ ಬೆರಳ ಗುರುತು ಮತ್ತು ತೇವವಿರುವಲ್ಲಿ ಗಟ್ಟಿಯಾಗಿ ಬಿಳಿ ಮಂಜು ಹಿಡಿಸುತ್ತದೆ, ಮುಚ್ಚಿದ ಕಾಕ್‌ಪಿಟ್‌ನೊಳಗೆ ಅದನ್ನು ಒರೆಸಲು ದಾರಿಯಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಕಾಟ ಇನ್ನೂ ಹೆಚ್ಚು. ಇಲ್ಲಿ ಫೆವಿಕಾಲ್ ಒಳ್ಳೆಯದು: ಸ್ವಲ್ಪ ನೀರು ಬೆರೆಸಿ, ಸಣ್ಣ ಕುಂಚದಲ್ಲಿ ಅಂಚಿಗೆ ಹರಿಸಿದರೆ ಪಾರದರ್ಶಕವಾಗಿ ಒಣಗುತ್ತದೆ, ಹೆಚ್ಚಾದದ್ದು ಒದ್ದೆ ಬಟ್ಟೆಗೆ ಬರುತ್ತದೆ. ಒಂದು ರಾತ್ರಿ ಮುಟ್ಟದೆ ಬಿಡಿ.

ಬಣ್ಣ ತಾಗದಂತೆ ಗಾಜಿಗೆ ಟೇಪ್ ಮುಚ್ಚುವ ಕೆಲಸ (ಮಾಸ್ಕಿಂಗ್) ಆದ ಮೇಲೆ ಚೌಕಟ್ಟುಗಳಿಗೆ ಮೊದಲ ಪದರವಾಗಿ ಆ ಹಸಿರುನೀಲಿಯನ್ನೇ ಹೊಡೆಯಿರಿ, ಹೊರಬಣ್ಣ ಅದರ ಮೇಲೆ. ಪ್ಲಾಸ್ಟಿಕ್ ಪಾರದರ್ಶಕವಾದ್ದರಿಂದ ಗಾಜಿನ ಮೂಲಕ ಇಣುಕಿದಾಗ ಕಾಣುವುದು ಚೌಕಟ್ಟಿನ ಮೊದಲ ಪದರ. ಅಲ್ಲಿ ಮರಳು ಬಣ್ಣ ಕಂಡರೆ ಮಾದರಿ ಆಟಿಕೆಯಾಗುತ್ತದೆ. ಸಿಂಪಡಿಸುವ ಮುನ್ನ ಎಂಜಿನ್ ಬಾಯಿ, ಹೊಗೆದ್ವಾರ, ಚಕ್ರದ ಗೂಡುಗಳಿಗೆ ಒದ್ದೆ ಟಿಶ್ಯೂ ತುರುಕಿ. ಬಣ್ಣದ ಧೂಳು ಅಲ್ಲಿಂದ ನುಗ್ಗಿ ಗಾಜಿನ ಒಳಮೈಗೆ ಕೂರುತ್ತದೆ.

ಮರೆಬಣ್ಣವನ್ನು (ಕ್ಯಾಮೊಫ್ಲಾಜ್) ನಿಮ್ಮ ಕೈಯಲ್ಲಿರುವ ಫೋಟೋ ನೋಡಿಯೇ ಹಾಕಿ. ಒಂದೇ ಯಂತ್ರ ದುರಸ್ತಿಗೆ ಹೋಗಿ ಬಂದಾಗ ಬಣ್ಣ ಬದಲಾಗುವುದುಂಟು, ಎಡ-ಬಲ ಬದಿಗಳ ಚಿತ್ರ ಒಂದೇ ಕಾಲದ್ದಾಗಿರಲಿ. ಬಣ್ಣ ಸಿಂಪಡಿಸುವ ಏರ್‌ಬ್ರಶ್‌ಗೆ 0.3 ಮಿ.ಮೀ. ನಾಝಲ್, 1 ಬಾರ್ ಒತ್ತಡ, ಟಾಮಿಯಾ ಅಕ್ರಿಲಿಕ್ ಆದರೆ ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ತಿನ್ನರ್. ಮಳೆಗಾಲದಲ್ಲಿ ಲ್ಯಾಕರ್ ತಿನ್ನರ್ ಬೇಗ ಆರುತ್ತಾ ಮೈಯನ್ನು ತಂಪಾಗಿಸುವುದರಿಂದ ಗಾಳಿಯ ತೇವ ಅಲ್ಲಿ ಕೂತು ಬೂದಿಯಂಥ ಮಬ್ಬು ಬರುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ 5ರಿಂದ 10 ಶೇಕಡಾ ಸೇರಿಸಿ, ಇಲ್ಲವೇ ಬಿಸಿಲು ಬರುವವರೆಗೆ ಕಾಯಿರಿ.

ವಾಯುಪಡೆಯ ವೃತ್ತಚಿಹ್ನೆಗೆ ಮನೆಯ ಲೇಸರ್ ಪ್ರಿಂಟರ್ ಸಾಲದು, ಅದಕ್ಕೆ ಬಿಳಿ ಬಣ್ಣ ಗೊತ್ತಿಲ್ಲ. ಪಾರದರ್ಶಕ ಡಿಕಾಲ್ ಹಾಳೆಯಲ್ಲಿ (ನೀರಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಚಿತ್ರದ ಹಾಳೆ) ಮುದ್ರಿಸಿದರೆ ನಡುವಿನ ಬಿಳಿ ಉಂಗುರದಲ್ಲಿ ಮರೆಬಣ್ಣ ಕಾಣುತ್ತದೆ, ಕೇಸರಿಯೂ ಮಂಕಾಗುತ್ತದೆ. ವೃತ್ತ ಕತ್ತರಿಸುವ ಕಂಪಾಸ್‌ನಿಂದ ಮಾಸ್ಕಿಂಗ್ ಹಾಳೆಯಲ್ಲಿ ಒಂದೇ ಕೇಂದ್ರದ ಮೂರು ವೃತ್ತ ಕತ್ತರಿಸಿಕೊಂಡು ನೇರವಾಗಿ ಬಣ್ಣವನ್ನೇ ಹೊಡೆಯುವುದು ಲೇಸು. ಮೊದಲು ಇಡೀ ತಟ್ಟೆ ಬಿಳಿ. ನಂತರ ಉಂಗುರವನ್ನೂ ನಡುವನ್ನೂ ಮುಚ್ಚಿ ಹೊರಗೆ ಕೇಸರಿ. ಅದು ಪೂರ್ತಿ ಒಣಗಿದ ಮೇಲೆ ಕೇಸರಿಯನ್ನು ಮುಚ್ಚಿ, ನಡುವನ್ನು ತೆರೆದು ಹಸಿರು. ಗಾಢ ಬಣ್ಣ ಯಾವತ್ತೂ ಕೊನೆಗೆ.

ಇನ್ನು ರೋಟರ್. ಬ್ಲೇಡುಗಳು ಐದು, ನಡುವೆ 72 ಡಿಗ್ರಿ. ಕಾಗದದ ಮೇಲೆ ಐದು ಗೆರೆ ಎಳೆದು, ನಡುವೆ ಗುಂಡುಸೂಜಿ ಚುಚ್ಚಿ ಅದರ ಮೇಲೆಯೇ ಜೋಡಿಸಿ. ರಷ್ಯನ್ ಹೆಲಿಕಾಪ್ಟರಿನ ಮುಖ್ಯ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ, ಅಮೆರಿಕದವು ಇದಕ್ಕೆ ವಿರುದ್ಧ. ಪರೀಕ್ಷೆ ಸುಲಭ: ಮೂತಿಯತ್ತ ಚಾಚಿದ ಬ್ಲೇಡಿನ ದಪ್ಪ ಅಂಚು ಹೆಲಿಕಾಪ್ಟರಿನ ಬಲಕ್ಕಿರಬೇಕು, ತೆಳು ಅಂಚು ಎಡಕ್ಕೆ.

ನಿಂತಿರುವ ಯಂತ್ರದ ಬ್ಲೇಡುಗಳು ತಮ್ಮ ಭಾರಕ್ಕೆ ಜೋತು ಬೀಳುತ್ತವೆ. ಎಷ್ಟು ಎಂಬುದನ್ನು ಪಕ್ಕದಿಂದ ತೆಗೆದ ಫೋಟೋದಲ್ಲಿ ಅಳೆಯಿರಿ: ತುದಿ ಇಳಿದದ್ದನ್ನು ಬ್ಲೇಡಿನ ಉದ್ದದಿಂದ ಭಾಗಿಸಿ, ಮಾದರಿಯ ಬ್ಲೇಡಿನ ಉದ್ದದಿಂದ ಗುಣಿಸಿ. ಪಕ್ಕಕ್ಕೆ ನೇರವಾಗಿ ಚಾಚಿರುವ ಬ್ಲೇಡನ್ನೇ ಆರಿಸಿ, ಓರೆಯಾಗಿರುವುದು ಮೋಸ ಮಾಡುತ್ತದೆ. ಲೆಕ್ಕ 160 ಮಿ.ಮೀ.ಗೆ 12 ಮಿ.ಮೀ. ಬಂತೆನ್ನೋಣ. ಆ ಬಾಗಿನ ತ್ರಿಜ್ಯ ಒಂದು ಮೀಟರಿಗೂ ಹೆಚ್ಚು. ಹಾಗಾಗಿ ‘ಬಾಟಲಿಗೆ ಸುತ್ತಿ ಬಿಸಿನೀರಲ್ಲಿ ಅದ್ದಿ’ ಎಂಬ ಪ್ರಚಲಿತ ಸಲಹೆಯಿಂದ ಬಾಳೆಕಾಯಿಯಂಥ ಬ್ಲೇಡ್ ಬರುತ್ತದೆ. ನಾನು ಒಂದು ಹಲಗೆ ಮೇಲೆ ಬುಡಕ್ಕೆ 12, ನಡುವಿಗೆ 9 ಮಿ.ಮೀ. ಎತ್ತರದ ಮರದ ಚೂರುಗಳನ್ನಿಟ್ಟು, ತುದಿಯನ್ನು ಹಲಗೆಗೇ ತಾಗುವಂತೆ ಟೇಪ್ ಹಾಕುತ್ತೇನೆ. ಕುದಿ ನಿಂತ ನೀರನ್ನು ಅರ್ಧ ನಿಮಿಷ ಸುರಿದು, ತಕ್ಷಣ ತಣ್ಣೀರು. ಬಿಡಿಸಿದಾಗ ಪ್ಲಾಸ್ಟಿಕ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಎರಡು ಮಿ.ಮೀ. ಹೆಚ್ಚೇ ಬಾಗಿಸಿರಿ. ಬ್ಲೇಡಿನ ಮೇಲ್ಮೈ ಯಾವುದು ಎಂದು ಮೊದಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಐದರಲ್ಲಿ ಒಂದು ತಲೆಕೆಳಗಾಗುವುದು ಬಲು ಸುಲಭ. ಹಾರುತ್ತಿರುವಂತೆ ತೋರಿಸುವುದಾದರೆ ಇದೆಲ್ಲ ತಿರುವುಮುರುವು: ಆಗ ಬ್ಲೇಡುಗಳು ತುಸು ಮೇಲಕ್ಕೇಳುತ್ತವೆ, ಚಕ್ರಗಳೂ ಒಳಗಿರಬೇಕು.

ಬ್ಲೇಡಿನ ಬುಡಕ್ಕೆ 0.6 ಮಿ.ಮೀ. ತೂತು ಕೊರೆದು 0.5 ಮಿ.ಮೀ. ಹಿತ್ತಾಳೆ ತಂತಿ ಹಾಕಿದರೆ ಅಂಟಿನ ಮೇಲಷ್ಟೇ ಭಾರ ಬೀಳುವುದಿಲ್ಲ. ಮುಂದಿನ ಕಾಕ್‌ಪಿಟ್ ಪಕ್ಕದ ಗಾಳಿಯಳತೆಯ ಕಂಬಿಯನ್ನೂ ಹಿತ್ತಾಳೆಯಲ್ಲೇ ಮಾಡಿ, ಎಲ್ಲಕ್ಕಿಂತ ಕೊನೆಗೆ ಅಂಟಿಸಿ. ಬಾಲದುದ್ದಕ್ಕೆ ಎಳೆಯುವ ತಂತಿ ಆಂಟೆನಾಗೆ ಎಲಾಸ್ಟಿಕ್ ದಾರ ಒಳ್ಳೆಯದು, ಬೆರಳು ತಾಗಿದರೂ ಹರಿಯುವುದಿಲ್ಲ. ರೋಟರ್ ತಲೆಯನ್ನು ಕಂಬಕ್ಕೆ ಅಂಟಿಸದೆ ಬಿಗಿಯಾಗಿ ಕೂರುವಂತಷ್ಟೇ ಮಾಡಿ. ಮನೆ ಬದಲಿಸುವಾಗ 360 ಮಿ.ಮೀ. ಅಗಲದ ಡಬ್ಬ ಹುಡುಕುವ ಬದಲು ಅದನ್ನು ತೆಗೆದು ಬೇರೆಯಾಗಿ ಸುತ್ತಿಡಬಹುದು.