ಬೇಕೆಂದೇ ಅಲುಗಾಡಿಸಿದ ಚಿತ್ರಗಳು: ನನ್ನ ಅನುಭವ

"ಶೇಕ್ ಆಗಿದೆಯಲ್ಲ, ಟ್ರೈಪಾಡ್ ಇರಲಿಲ್ಲವಾ?" ಶಟರ್ ತೆರೆದಿರುವಷ್ಟು ಹೊತ್ತು ಕ್ಯಾಮೆರಾವನ್ನು ಬೇಕೆಂದೇ ಬೀಸಿ ಮರಗಳ ಚಿತ್ರ ತೆಗೆಯುವ ನಾನು ಮೂರು ವರ್ಷ ಈ ಮಾತು ಕೇಳಿಸಿಕೊಂಡಿದ್ದೇನೆ. ಅದೇ ಮರಗಳ ಸರಣಿಯ ಆರು ಚಿತ್ರಗಳು ಹೋದ ತಿಂಗಳು ಪ್ರದರ್ಶನದಲ್ಲಿದ್ದವು. ನಾಲ್ಕು ಪ್ರಿಂಟ್ ಮಾರಾಟವಾದವು. ಹಾಗೆ ಕೇಳಿದವರಲ್ಲೇ ಇಬ್ಬರು ಈಗ "ಹೇಗೆ ತೆಗೆದೆ, ಹೇಳು" ಅನ್ನುತ್ತಿದ್ದಾರೆ. ಹೇಳುತ್ತೇನೆ.

ಮೊದಮೊದಲು ದುಡ್ಡು ಸುರಿಯುವುದು ಬೇಡ ಅಂತ ಐಎಸ್‌ಒ 100 (ಸೆನ್ಸರಿನ ಬೆಳಕಿನ ಸಂವೇದನೆ ಕಡಿಮೆ), ಎಫ್/22 (ಲೆನ್ಸಿನ ಕಿಂಡಿ ತೀರಾ ಚಿಕ್ಕದು) ಇಟ್ಟು ತೆಗೆದೆ. ಬಿಸಿಲಲ್ಲಿ ಶಟರ್ 1/50 ಸೆಕೆಂಡಿನ ಆಸುಪಾಸಿಗೆ ನಿಲ್ಲುತ್ತಿತ್ತು. ಚಿತ್ರ ಅತ್ತ ಶಾರ್ಪೂ ಇಲ್ಲ, ಇತ್ತ ಬಣ್ಣ ಹರಿದೂ ಇಲ್ಲ; ನೋಡಿದವರು ಕೈತಪ್ಪು ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಸಂಜೆ ಬೆಳಕಲ್ಲಿ ಅರ್ಧ ಸೆಕೆಂಡಿಗೆ ಇಳಿಸಿದರೆ ಇನ್ನೊಂದು ತಲೆನೋವು. ಮರಗಳೆಲ್ಲ ಚೆಂದವಾಗಿ ಕರಗಿವೆ, ಆದರೆ ಆಕಾಶದ ಭಾಗದಲ್ಲಿ ಕಪ್ಪು ಚುಕ್ಕೆಗಳು ಮಿಸುಕಾಡದೆ ಕೂತಿವೆ. ಸೆನ್ಸರ್ ಮೇಲಿನ ಧೂಳು! ಕ್ಯಾಮೆರಾ ಹೋದ ಕಡೆ ಅದೂ ಹೋಗುವುದರಿಂದ ಇಡೀ ಚಿತ್ರದಲ್ಲಿ ಅಲುಗದೆ ಉಳಿಯುವುದು ಅದೊಂದೇ. ಎಫ್/22ರಲ್ಲಂತೂ ಎದ್ದು ಕಾಣುತ್ತದೆ. ಒಂದೇ ಫ್ರೇಮಿನಲ್ಲಿ ನಲವತ್ತು ಚುಕ್ಕೆ ಅಳಿಸಿದ ರಾತ್ರಿ, ಇನ್ನು ಎನ್‌ಡಿ ಫಿಲ್ಟರ್ (ಲೆನ್ಸಿಗೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು) ಕೊಳ್ಳದೆ ಆಗದು ಅನ್ನಿಸಿತು; ಅದಿದ್ದರೆ ಎಫ್/22 ಬೇಕಿಲ್ಲ.

ಅಲ್ಲೂ ಎರಡು ಸಲ ದುಡ್ಡು ಕಳೆದುಕೊಂಡೆ. ಮೊದಲನೆಯದು ಅಗ್ಗದ, ತಿರುಗಿಸಿ ಕಪ್ಪು ಹೆಚ್ಚುಕಮ್ಮಿ ಮಾಡುವ ವೇರಿಯಬಲ್ ಎನ್‌ಡಿ. ವೈಡ್ ಲೆನ್ಸಿಗೆ ಹಾಕಿ ಪೂರ್ತಿ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿಯಾಕಾರದ ಕಪ್ಪು ನೆರಳು. ಎರಡನೆಯದು 10 ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ). ಅದು ನೀರು, ಮೋಡಕ್ಕೆ ಸರಿ. ಕೈಯಲ್ಲಿ ಬೀಸುವುದಕ್ಕೆ ಶಟರ್ ತೀರಾ ಉದ್ದವಾಗಿ ಎಲ್ಲ ಗಂಜಿಯಾಯಿತು. ಕೊನೆಗೆ ಹಳೆಯ 50 ಎಂಎಂ ಲೆನ್ಸ್ ಮಾರಿ 6 ಸ್ಟಾಪಿನದು ತಂದೆ. ಈಗ ಬಿಸಿಲಲ್ಲೂ ಎಫ್/11ರಲ್ಲಿ ಮೂರನೇ ಒಂದು ಸೆಕೆಂಡು ಸಿಗುತ್ತದೆ. ನನ್ನ ಮರಗಳಿಗೆ ಬೇಕಾದದ್ದು ಅಷ್ಟೇ. ಪ್ರಿಂಟ್ ಮಾರಿದ ಹಣದಲ್ಲಿ ಮೂರೂ ಫಿಲ್ಟರುಗಳ ಖರ್ಚು ಹುಟ್ಟಿತು.

ಇನ್ನು ಬೀಸುವ ರೀತಿ. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಇರಲಿ. ಮೊಣಕೈ ಪಕ್ಕೆಗೆ ಒತ್ತಿ, ಮಂಡಿ ಬಗ್ಗಿಸಿ ಇಡೀ ದೇಹವೇ ಇಳಿಯಬೇಕು. ಮಣಿಕಟ್ಟಿನಿಂದ ಬೀಸಿದರೆ ಗೆರೆ ಬಾಗುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಚಲನೆಯ ಕೊನೆ. ಶಟರ್ ಮುಚ್ಚುವ ಮೊದಲೇ ಕೈ ನಿಂತರೆ ಎಲೆಗಳ ನಡುವಿನ ಪ್ರತಿ ಬೆಳಕಿನ ಚುಕ್ಕೆಗೂ ತುದಿಯಲ್ಲಿ ಪುಟ್ಟ ಕೊಕ್ಕೆ ಮೂಡುತ್ತದೆ. ಎಲ್ಲ ಕೊಕ್ಕೆಗಳೂ ಒಂದೇ ಆಕಾರ, ಒಂದೇ ದಿಕ್ಕು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗಲೇ ಅರ್ಥವಾದದ್ದು. ಬಟನ್ ಒತ್ತುವ ಮುಂಚೆಯೇ ಚಲನೆ ಶುರುವಾಗಿರಬೇಕು, ಮುಚ್ಚಿದ ಮೇಲೂ ಮುಂದುವರಿಯಬೇಕು. ಮೊದಲ ಎರಡು ತಿಂಗಳಲ್ಲಿ ಮೂರು ಸಾವಿರದಷ್ಟು ಫ್ರೇಮ್ ತೆಗೆದು ಹನ್ನೊಂದೋ ಹನ್ನೆರಡೋ ಉಳಿಸಿಕೊಂಡಿದ್ದೆ. ಈಗ ನೂರಕ್ಕೆ ಐದಾರು ಗಟ್ಟಿ, ನನಗೆ ಗೊತ್ತಿರುವವರಲ್ಲಿ ಇಷ್ಟು ಯಾರಿಗೂ ಬರುತ್ತಿಲ್ಲ. ಕಾಂಡದ ಅಂಚು ಅಳಿಸದೆ ಉಳಿಯಲು ಇಳಿಯುವ ನಡುವೆ ಒಂದು ಪಟ್ಟು ಹಾಕುತ್ತೇನೆ. ಅದನ್ನು ಸರಣಿ ಮುಗಿಯುವವರೆಗೆ ಹೇಳಲಾರೆ.

ಇದು ಫೋಟೋಗ್ರಫಿಯೇ ಅಲ್ಲ ಅಂದವರಿಗೆ ಫೋಟೋಗ್ರಾಫರ್ ಅರ್ನ್ಸ್ಟ್ ಹಾಸ್ 1950ರ ದಶಕದಲ್ಲೇ ನಿಧಾನ ಶಟರಿನಲ್ಲಿ ಬಣ್ಣದಲ್ಲಿ ತೆಗೆದ ಗೂಳಿಕಾಳಗದ ಚಿತ್ರಗಳನ್ನು ತೋರಿಸುತ್ತೇನೆ. 1960ರ ದಶಕದ ಕೊನೆಗೆ ಜಪಾನಿನಲ್ಲಿ ದೈದೊ ಮೊರಿಯಾಮ ಮತ್ತು ಜೊತೆಗಾರರ ಶೈಲಿಗೆ 'ಅರೆ, ಬುರೆ, ಬೊಕೆ' ಅಂತಲೇ ಹೆಸರು ಬಂತು: ಒರಟು, ಅಲುಗಾಟ, ಮಸುಕು.

ನಡುವೆ ಜೂಮ್ ತಿರುಗಿಸುತ್ತಾ ತೆಗೆಯುವುದನ್ನೂ ನೋಡಿದೆ. ಹತ್ತು ಚಿತ್ರಕ್ಕೆ ಬೇಸರ ಬಂತು, ಎಲ್ಲ ಒಂದೇ ಥರ. ಕುಣಿಯುವವರ ಮೇಲೆ ಕಾಲು ಸೆಕೆಂಡು ಶಟರ್, ಕೊನೆಗೆ ಶಟರ್ ಮುಚ್ಚುವ ಮುಂಚೆ ಬೆಳಗುವ ರಿಯರ್ ಕರ್ಟನ್ ಫ್ಲ್ಯಾಶ್: ಇದು ಕೈಹಿಡಿಯುವ ಹಾಗಿದೆ. ಬೆರಳ ಹಿಂದೆ ಬೆಳಕಿನ ಬಾಲ ಹರಿದಿರುತ್ತದೆ, ಬೆರಳು ಮಾತ್ರ ಉಗುರಿನವರೆಗೂ ಚೊಕ್ಕ. ಮುಖ ಇನ್ನೂ ಬೆಳ್ಳಗಾಗುತ್ತಿದೆ, ಫ್ಲ್ಯಾಶ್ ಪವರನ್ನು 1/32ಕ್ಕೆ ಇಳಿಸಿ ನೋಡುತ್ತಿದ್ದೇನೆ.