ತಾಮ್ರದ ಗೆರೆಯಿಂದ ತೈಲವರ್ಣಕ್ಕೆ: ಷೇಕ್ಸ್‌ಪಿಯರನ ಮುಖ ಬರೆದ ನನ್ನ ಅನುಭವ

ಷೇಕ್ಸ್‌ಪಿಯರ್ ಎಂದೊಡನೆ ನಮ್ಮಲ್ಲಿ ಬಹುಪಾಲು ಜನರ ಕಣ್ಣ ಮುಂದೆ ಬರುವ ಆ ಅಗಲ ಹಣೆಯ ಮುಖ, 1623ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ನಾಟಕಗಳ ಮೊದಲ ಫೋಲಿಯೋ (ದೊಡ್ಡ ಅಳತೆಯ ಪುಟಗಳ) ಸಂಪುಟದ ಶೀರ್ಷಿಕೆಪುಟದ್ದು. ಮಾರ್ಟಿನ್ ಡ್ರೂಶೌಟ್ ಎಂಬ ಕೆತ್ತನೆಗಾರ ಅದನ್ನು ತಾಮ್ರದ ತಗಡಿನ ಮೇಲೆ ಕೊರೆದ. ಕವಿ 1616ರಲ್ಲೇ ತೀರಿಕೊಂಡಿದ್ದರಿಂದ, ಡ್ರೂಶೌಟ್ ಯಾವುದೋ ಹಳೆಯ ಚಿತ್ರವನ್ನು ಮುಂದಿಟ್ಟುಕೊಂಡೇ ಕೊರೆದಿರಬೇಕು. ಆದರೂ ಕವಿಯನ್ನು ಹತ್ತಿರದಿಂದ ಬಲ್ಲ ಬೆನ್ ಜಾನ್ಸನ್ ಎದುರು ಪುಟದ ಪದ್ಯದಲ್ಲಿ ಮುಖದ ಹೋಲಿಕೆಯನ್ನು ಮೆಚ್ಚಿಕೊಂಡಿದ್ದಾನೆ. ಕಾಲೇಜೊಂದರ ನಾಟಕ ತಂಡದವರು ತಮ್ಮ ಕೋಣೆಗೆ ಈ ಮುಖವನ್ನು ತೈಲವರ್ಣದಲ್ಲಿ ದೊಡ್ಡದಾಗಿ ಬರೆದುಕೊಡಲು ಕೇಳಿದಾಗ ನಾನು ಒಪ್ಪಿಕೊಂಡದ್ದು ಈ ಹೋಲಿಕೆಯ ಮೇಲಿನ ನಂಬಿಕೆಯಿಂದಲೇ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಅಚ್ಚನ್ನು ಅನುಸರಿಸಬೇಕು ಎಂಬುದು. ಒಂದೇ ತಗಡನ್ನು 1685ರ ನಾಲ್ಕನೆಯ ಫೋಲಿಯೋ ತನಕ ಬಳಸಿದರು, ನಡುನಡುವೆ ತಿದ್ದಿದರು. ತೀರ ಮೊದಲಿನ, ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವ ಅಚ್ಚುಗಳಲ್ಲಿ ಕೊರಳಪಟ್ಟಿಯ ಮೇಲೆ ತಲೆಯ ನೆರಳೇ ಇಲ್ಲ. ತಟ್ಟೆಯ ಮೇಲೆ ಇಟ್ಟ ಹಣ್ಣಿನಂತೆ ತಲೆ ಕೊರಳಿನಿಂದ ಬೇರೆಯಾಗಿ ಕಾಣುತ್ತದೆ. ಆಮೇಲೆ ಅಲ್ಲಿ ನೆರಳಿನ ಗೆರೆಗಳನ್ನು ಸೇರಿಸಿದರು. ಕೊನೆಯ ಫೋಲಿಯೋ ಹೊತ್ತಿಗೆ ಸವೆದ ತಗಡನ್ನು ಅಡ್ಡಗೆರೆಗಳಿಂದ ಎಷ್ಟು ತುಂಬಿದ್ದರೆಂದರೆ ಮುಖದ ಮೃದುತನವೇ ಹೊರಟುಹೋಗಿದೆ. ನಾನು 1623ರ ನೆರಳುಳ್ಳ ಅಚ್ಚಿನ ಉತ್ತಮ ಮರುಮುದ್ರಣವನ್ನು ಆರಿಸಿಕೊಂಡೆ.

ಕೆತ್ತನೆಯನ್ನು ಬಣ್ಣಕ್ಕೆ ತರುವವನ ನಿಜವಾದ ಕೆಲಸ ಗೆರೆಯನ್ನು ಓದುವುದು. ಅಲ್ಲಿ ಬೂದು ಎಂಬ ಬಣ್ಣ ಇಲ್ಲ. ಕಪ್ಪು ಗೆರೆಗಳು ಮತ್ತು ಅವುಗಳ ನಡುವಿನ ಬಿಳಿ ಕಾಗದ, ಇಷ್ಟೇ. ಭೂತಗನ್ನಡಿ ಹಿಡಿದು ಕೆನ್ನೆಯನ್ನು ನೋಡಿದರೆ, ಉಳಿಯನ್ನು ಒತ್ತಿದ ಕಡೆ ಗೆರೆ ದಪ್ಪವಾಗಿ, ಎತ್ತುವ ಕಡೆ ಕೂದಲಿನಷ್ಟು ತೆಳುವಾಗಿ ಮುಗಿಯುವುದು ಕಾಣುತ್ತದೆ. ಆ ಗೆರೆ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ: ಅದರ ದಪ್ಪ ನೆರಳನ್ನು, ಅದರ ಬಾಗು ಕೆನ್ನೆಯ ಉಬ್ಬನ್ನು. ಕಣ್ಣು ಕಿರಿದು ಮಾಡಿ ನೋಡಿ ಬರೇ ನೆರಳನ್ನು ಎತ್ತಿಕೊಂಡರೆ ಸಿಗುವುದು ಮಸುಕಾದ ಛಾಯಾಚಿತ್ರವೇ ಹೊರತು ಆ ಮುಖವಲ್ಲ. ಹಾಗಾಗಿ ಚೌಕುಳಿ ಹಾಕಿ ಕ್ಯಾನ್ವಾಸಿಗೆ ಇಳಿಸಿಕೊಂಡ ರೇಖಾಚಿತ್ರದ ಮೇಲೆ ಮೊದಲು ಬೂದುಬಣ್ಣದಲ್ಲೇ ಅಡಿಚಿತ್ರವನ್ನು ಪೂರ್ತಿ ಬರೆದೆ; ಬ್ರಷ್ಷಿನ ಪ್ರತಿಯೊಂದು ಎಳೆತವನ್ನೂ ಮೂಲದ ಗೆರೆ ಬಾಗಿದ ದಿಕ್ಕಿಗೇ ಎಳೆದೆ. ಅದು ಒಣಗಿದ ಮೇಲೆ ತೆಳು ಬಣ್ಣದ ಪದರಗಳನ್ನು ಒಂದರ ಮೇಲೊಂದರಂತೆ, ಮೇಲೆ ಹೋದಷ್ಟೂ ಲಿನ್ಸೀಡ್ ಎಣ್ಣೆಯನ್ನು ತುಸು ಹೆಚ್ಚಿಸುತ್ತ ಹಚ್ಚಿದೆ.

ಈ ಕೆತ್ತನೆಯಲ್ಲಿ ದೋಷಗಳಿವೆ. ಮೈಯ ಅಳತೆಗೆ ತಲೆ ತೀರ ದೊಡ್ಡದು, ಎರಡು ಬದಿಯ ಕೂದಲು ಹೊಂದುವುದಿಲ್ಲ, ಬೆಳಕು ಒಂದೇ ಕಡೆಯಿಂದ ಬಿದ್ದಿಲ್ಲ, ಕಿವಿಯ ಬುಡದಿಂದ ಗಲ್ಲಕ್ಕೆ ಇಳಿಯುವ ಗೆರೆ ಮುಖವಾಡದ ಅಂಚಿನಷ್ಟು ಗಡುಸು. ಇವನ್ನೆಲ್ಲ ಸರಿಪಡಿಸುವುದು ಕೈ ಪಳಗಿದವರಿಗೆ ಕಷ್ಟವಲ್ಲ. ಆದರೆ ಸರಿಪಡಿಸಿದ ಮುಖ ಬೇರೆ ಯಾರದೋ ಆಗುತ್ತದೆ, ಜಾನ್ಸನ್ ಒಪ್ಪಿದ್ದು ಆ ಮುಖವನ್ನಲ್ಲ. ಗಲ್ಲದ ಗೆರೆಯನ್ನು ನಾನು ಹಾಗೆಯೇ ಉಳಿಸಿದೆ. ಬಣ್ಣದಲ್ಲಿ ಅದು ತಾನಾಗಿ ಸ್ವಲ್ಪ ಮೆತ್ತಗಾಯಿತು, ಅಷ್ಟು ಸಾಕು.

ಬಣ್ಣ ಮಾತ್ರ ಕೆತ್ತನೆಯಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿರುವ ಕವಿಯ ಅರ್ಧಪ್ರತಿಮೆಯನ್ನು ಆಧಾರವಾಗಿಟ್ಟುಕೊಂಡೆ. 1623ರ ಹೊತ್ತಿಗಾಗಲೇ ಅಲ್ಲಿದ್ದ ಆ ಪ್ರತಿಮೆಗೆ 1793ರಲ್ಲಿ ಬಿಳಿ ಬಣ್ಣ ಬಳಿದರು, 1861ರಲ್ಲಿ ಮತ್ತೆ ಬಣ್ಣ ತುಂಬಿದರು. ಮೂಲದಲ್ಲಿ ಕಣ್ಣು ತಿಳಿಗಂದು, ಕೂದಲು ಕೆಂಗಂದು ಎಂದು ದಾಖಲಾಗಿದೆ. ನಾನೂ ಹಾಗೆಯೇ ಬರೆದೆ. ಅಂಗಿಯ ಕಡುಗಪ್ಪು ಮತ್ತು ಪಟ್ಟಿಗಳ ಕಾವಿ ಹಳದಿ ನನ್ನ ಆಯ್ಕೆ.

ಇಂಥ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದ ಚಿತ್ರವೊಂದಿದೆ. ಇದೇ ಕೆತ್ತನೆಯನ್ನು ಹೋಲುವ, ಮೇಲೆ 1609 ಎಂದು ಬರೆದಿರುವ ‘ಫ್ಲವರ್’ ತೈಲಚಿತ್ರವನ್ನು ಬಹುಕಾಲ ಹಲವರು ಕೆತ್ತನೆಯ ಮೂಲವೆಂದೇ ನಂಬಿದ್ದರು. 2005ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯವರು ಪರೀಕ್ಷಿಸಿದಾಗ ಅದರಲ್ಲಿ ಕ್ರೋಮ್ ಹಳದಿ ಸಿಕ್ಕಿತು. ಆ ಬಣ್ಣ ಬಳಕೆಗೆ ಬಂದದ್ದೇ 19ನೆಯ ಶತಮಾನದಲ್ಲಿ; ಯಾರೋ ಹಳೆಯ ಮೇರಿ-ಶಿಶು ಚಿತ್ರವೊಂದರ ಮೇಲೆ ಕವಿಯ ಮುಖ ಬರೆದಿದ್ದರು. ಈ ಕಾರಣಕ್ಕೆ ನಾನು ಮುಂಭಾಗದಲ್ಲಿ ಯಾವ ಹಳೆಯ ಇಸವಿಯನ್ನೂ ಬರೆಯಲಿಲ್ಲ. ವಿಷವಾದ ಸೀಸದ ಬಿಳಿಯ ಬದಲು, 20ನೆಯ ಶತಮಾನದ್ದಾದ ಟೈಟೇನಿಯಂ ಬಿಳಿಯನ್ನು ಬಳಸಿದೆ. ಮುಂದೆ ಯಾರಾದರೂ ಪರೀಕ್ಷಿಸಿದರೆ ಇದು ನಮ್ಮ ಕಾಲದ್ದೆಂದು ಆ ಬಿಳಿಯೇ ಹೇಳುತ್ತದೆ. ಕ್ಯಾನ್ವಾಸಿನ ಹಿಂಬದಿಯಲ್ಲಿ ನನ್ನ ಹೆಸರು, ಬರೆದ ವರ್ಷ, ಅನುಸರಿಸಿದ ಅಚ್ಚು ಮೂರನ್ನೂ ಬರೆದಿದ್ದೇನೆ.

ಈಗ ಕೈಗೆತ್ತಿಕೊಂಡಿರುವುದು ವಿಲಿಯಂ ಫೇಥಾರ್ನ್ 1670ರಲ್ಲಿ ಕೊರೆದ ಮಿಲ್ಟನ್. ಅಲ್ಲಿ ಕವಿಗೆ 62 ವರ್ಷ, ದೃಷ್ಟಿ ಹೋಗಿ ಬಹಳ ಕಾಲವಾಗಿತ್ತು. ಕುರುಡನ ಕಣ್ಣಿಗೆ ಬೆಳಕಿನ ಚುಕ್ಕೆ ಇಡಬೇಕೇ ಎಂದು ನನ್ನೊಂದಿಗೆ ಕೆಲಸ ಮಾಡುವ ಹುಡುಗ ಕೇಳಿದ. ತನ್ನ ಕಣ್ಣುಗಳು ನೋಟವುಳ್ಳವರ ಕಣ್ಣುಗಳಷ್ಟೇ ಸ್ವಚ್ಛವಾಗಿ ಕಾಣುತ್ತವೆ ಎಂದು ಮಿಲ್ಟನನೇ 1654ರಲ್ಲಿ ಬರೆದಿದ್ದಾನೆ, ಇಡು ಎಂದೆ.